ಸಿಪ್ಪೆಗೆ ಬಣ್ಣ ಕೊಡುವ ಚಳಿ

ಸಂತೆಯಲ್ಲಿ ಹಸಿರು ಸಿಪ್ಪೆಯ ಕಿತ್ತಳೆ ಕಂಡರೆ 'ಇನ್ನೂ ಕಾಯಿ' ಎಂದು ಮುಂದೆ ಹೋಗುತ್ತೇವೆ. ಪಾಪ, ಆ ಹಣ್ಣಿಗೆ ನಾವು ಮಾಡುವ ಅನ್ಯಾಯವದು.

ಎಳೆಗಾಯಿಯ ಸಿಪ್ಪೆಯ ತುಂಬ ಪತ್ರಹರಿತ್ತು. ರಾತ್ರಿಯ ಉಷ್ಣಾಂಶ ಸುಮಾರು 13 ಡಿಗ್ರಿಗಿಂತ ಕೆಳಗಿಳಿದಾಗ ಅದು ಕರಗತೊಡಗುತ್ತದೆ. ಕ್ಯಾರೊಟಿನಾಯ್ಡ್ ಎಂಬ ಹಳದಿ, ಕೇಸರಿ ವರ್ಣದ್ರವ್ಯಗಳು ಮೇಲೆದ್ದು ಕಾಣುತ್ತವೆ. ರಾತ್ರಿಯೂ ಬೆಚ್ಚಗಿರುವ ಸೀಮೆಗಳಲ್ಲಿ ಹಣ್ಣು ಪೂರ್ತಿ ಮಾಗಿದರೂ ಸಿಪ್ಪೆ ಹಸಿರಾಗಿಯೇ ಉಳಿಯಬಹುದು. ವಲೆನ್ಸಿಯಾ ತಳಿಯದು ಇನ್ನೂ ಸೋಜಿಗ. ಚಳಿಗಾಲದಲ್ಲಿ ಕೇಸರಿಗೆ ತಿರುಗಿದ ಹಣ್ಣನ್ನು ಕೀಳದೆ ಬಿಟ್ಟರೆ, ಬಿಸಿಲು ಏರುತ್ತಿದ್ದಂತೆ ತೊಟ್ಟಿನ ಕಡೆಯಿಂದ ಮತ್ತೆ ಹಸಿರಾಗುತ್ತದೆ. ಒಳಗಿನ ಸಿಹಿಗೆ ಅದರಿಂದ ಏನೂ ಕೊರತೆಯಿಲ್ಲ.

ಇಟಲಿಯ ಸಿಸಿಲಿ ದ್ವೀಪದಲ್ಲಿ, ಎಟ್ನಾ ಜ್ವಾಲಾಮುಖಿಯ ತಪ್ಪಲಲ್ಲಿ, ಚಳಿಗಾಲದ ಹಗಲು ಬೆಚ್ಚಗೆ, ರಾತ್ರಿ ಕೊರೆಯುವ ಚಳಿ. ಅಲ್ಲಿನ ಕಿತ್ತಳೆ ಹೋಳು ಮಾಡಿದರೆ ತೊಳೆಗಳು ರಕ್ತಗೆಂಪು! ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಅಲ್ಲಿ ಚಳಿ ತಾಗಿದಾಗ ಕೂಡಿಕೊಳ್ಳುತ್ತದೆ. ಅದೇ ಗಿಡವನ್ನು ಬೆಚ್ಚನೆಯ ನಾಡಿನಲ್ಲಿ ನೆಟ್ಟರೆ ಆ ಕೆಂಪು ಸರಿಯಾಗಿ ಏರುವುದೇ ಇಲ್ಲ.

ಕೊಳ್ಳುವವರ ಕಣ್ಣಿಗೆ ಕೇಸರಿಯೇ ಬೇಕೆಂದು ಎಥಿಲೀನ್ ಅನಿಲ ಹಾಯಿಸಿ ಸಿಪ್ಪೆಯ ಹಸಿರನ್ನು ಕಳೆಯುವುದೂ ಉಂಟು. ಸಿಹಿ ಮಾತ್ರ ಇದ್ದಷ್ಟೇ ಇರುತ್ತದೆ.

ನಮ್ಮ ಕೊಡಗಿನ ಕಾಫಿತೋಟಗಳ ನೆರಳಲ್ಲಿ ಬೆಳೆಯುವ ಕಿತ್ತಳೆ ಮಾಗಿದ ಮೇಲೂ ಹಸಿರು ಬೆರೆತ ಹಳದಿಯಾಗಿರುವುದುಂಟು. ಸಿಕ್ಕಾಗ ಅಂಗೈಯಲ್ಲಿಟ್ಟು ತೂಗಿ ನೋಡಿ. ಗಾತ್ರಕ್ಕಿಂತ ಭಾರವೆನಿಸಿದರೆ ಒಳಗೆ ರಸ ತುಂಬಿದೆ ಎಂದರ್ಥ.