ಬದನೆಗೆ ಸಹಿ ಹಾಕುವವರು ಯಾರು?

ಸಂತೆಯಲ್ಲಿ ಬದನೆಕಾಯಿ ಆರಿಸುವವರನ್ನು ನೀವು ನೋಡಿರುತ್ತೀರಿ. ಬೆಂಡೆಯ ತುದಿ ಮುರಿದು ನೋಡಿದರೆ ಮುಗಿಯಿತು, ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಸಾಕು. ಬದನೆಗೆ ಅಷ್ಟು ಸಾಲದು. ಒಂದೊಂದನ್ನೇ ಕೈಯಲ್ಲಿ ತಿರುಗಿಸಿ, ತೊಟ್ಟಿನ ಟೊಪ್ಪಿಗೆಯ ಅಂಚಿಗೆ ಕಣ್ಣಿಟ್ಟು ತೂತು ಹುಡುಕುತ್ತಾರೆ. ನಮ್ಮ ತಾಯಿ ಈ ಕೆಲಸದಲ್ಲಿ ಪಳಗಿದವರು. ಆದರೂ ಎಣ್ಣೆಗಾಯಿಗೆಂದು ಸೀಳುವಾಗ ಒಂದೆರಡರೊಳಗೆ ಹುಳು ಸಿಕ್ಕೇ ಸಿಗುತ್ತಿತ್ತು. ಅದು ಅವರ ಕಣ್ಣಿನ ತಪ್ಪಲ್ಲ. ಕಾಯಿ ಕೊರಕ ಮರಿಯಾಗಿರುವಾಗಲೇ ತೊಟ್ಟಿನ ಮರೆಯಲ್ಲಿ ಒಳಹೊಕ್ಕು, ಬಂದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳುವ ದೊಡ್ಡ ತೂತು, ತಿಂದು ಕೊಬ್ಬಿದ ಹುಳು ಹೊರಗೆ ಹೋದ ಬಾಗಿಲು. ತೂತಿದ್ದ ಕಾಯಿಯಲ್ಲಿ ಹುಳು ಖಾಲಿ ಮಾಡಿ ಹೋಗಿರಬಹುದು, ನುಣ್ಣಗಿರುವ ಕಾಯಿಯಲ್ಲೇ ಸಂಸಾರ ನಡೆದಿರಬಹುದು.

ಒಳಗೆ ಸೇರಿಕೊಂಡ ಹುಳುವಿಗೆ ಮೇಲಿಂದ ಹೊಡೆದ ಔಷಧ ತಾಗುವುದಿಲ್ಲ. ಹಾಗಾಗಿ ರೈತ ಮೊದಲೇ ಹೊಡೆಯುತ್ತಾನೆ, ಮತ್ತೆ ಮತ್ತೆ ಹೊಡೆಯುತ್ತಾನೆ, ಎಷ್ಟೋ ಸಲ ಕೊಯ್ಲಿನ ಹಿಂದಿನ ದಿನವೂ ಹೊಡೆಯುತ್ತಾನೆ. ಬಿಟಿ ಬದನೆ ಎಂಬ ಯೋಚನೆ ಹುಟ್ಟಿದ್ದು ಈ ಸಂಕಟದಿಂದ. ಮಣ್ಣಿನಲ್ಲಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಎಂಬ ಬ್ಯಾಕ್ಟೀರಿಯಾ ಇದೆ. ಅದನ್ನು 1901ರಲ್ಲಿ ಮೊದಲು ಗುರುತಿಸಿದ್ದು ಜಪಾನಿನಲ್ಲಿ, ರೋಗ ಬಡಿದ ರೇಷ್ಮೆಹುಳುಗಳಲ್ಲಿ. ಶಿಡ್ಲಘಟ್ಟ, ರಾಮನಗರದ ರೇಷ್ಮೆ ಬೆಳೆಗಾರರಿಗೆ ಶತ್ರುವಾಗಬಹುದಾದ ಜೀವಿ ಬದನೆ ಬೆಳೆಗಾರನಿಗೆ ಮಿತ್ರ. ಅದು ತಯಾರಿಸುವ ಒಂದು ಪ್ರೋಟೀನು ಕೆಲವು ಜಾತಿಯ ಹುಳುಗಳ ಕರುಳನ್ನು ತೂತು ಮಾಡುತ್ತದೆ. ಆ ಪ್ರೋಟೀನಿನ ಜೀನನ್ನು ತೆಗೆದು ಬದನೆಗೆ ಸೇರಿಸಿದರೆ ಗಿಡವೇ ತನ್ನ ಔಷಧವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹೀಗೆ ಒಂದು ಕುಲದ ಗುಣವನ್ನು ಇನ್ನೊಂದಕ್ಕೆ ದಾಟಿಸಿದ ಬೆಳೆಗೆ ಕನ್ನಡದಲ್ಲಿ ಕುಲಾಂತರಿ ಎನ್ನುತ್ತೇವೆ. ಇಂಗ್ಲಿಷಿನ ಮೂರು ಪದ ಹೇಳಲಾರದ್ದನ್ನು ಹೇಳುವ ಮುದ್ದಾದ ಪದ.

ಈ ಬದನೆ ಒಳ್ಳೆಯದೋ ಕೆಟ್ಟದೋ ಎಂಬ ಜಗಳ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಇವತ್ತು ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ಕುತೂಹಲ ಬೇರೆ. ಸಂತೆಯಲ್ಲಿ ಕಾಯಿ ತಿರುಗಿಸಿ ನೋಡಲು ನಮ್ಮ ತಾಯಿ ಇದ್ದರು. ಜೀನು ಬದಲಾದ ಕಾಯಿಯನ್ನು ತಿರುಗಿಸಿ ನೋಡುವವರು ಯಾರು? ‘ಸರಿ, ಬುಟ್ಟಿಗೆ ಹಾಕಿ’ ಎಂದು ಹೇಳುವ ಅಧಿಕಾರ ಯಾರದು?

ಕಾನೂನಿನ ಪ್ರಕಾರ ಉತ್ತರ ಇದೆ. ಭೋಪಾಲದ ಅನಿಲ ದುರಂತದ ಬೆನ್ನಿಗೆ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1989ರ ಡಿಸೆಂಬರಿನಲ್ಲಿ ಕುಲಾಂತರಿ ಜೀವಿಗಳಿಗೆಂದೇ ನಿಯಮಗಳು ಹೊರಟವು. ಆಗ ದೇಶದ ಯಾವ ಹೊಲದಲ್ಲೂ ಕುಲಾಂತರಿ ಬೆಳೆ ಇರಲಿಲ್ಲ. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿದಿಟ್ಟ ಹಾಗೆ. ನಮ್ಮ ಸರ್ಕಾರಗಳಲ್ಲಿ ಇಂಥ ಮುಂದಾಲೋಚನೆ ಅಪರೂಪ, ಅದಕ್ಕೆ ಶಹಬ್ಬಾಸ್ ಹೇಳಲೇಬೇಕು. ನಿಯಮದ ಪ್ರಕಾರ ಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಒಂದು ಜೈವಿಕ ಸುರಕ್ಷತಾ ಸಮಿತಿ. ಅದರ ಮೇಲೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಲ್ಲೊಂದು ಸಮಿತಿ. ಎಲ್ಲಕ್ಕೂ ಮೇಲೆ ಪರಿಸರ ಸಚಿವಾಲಯದ ಜೆನೆಟಿಕ್ ಇಂಜಿನಿಯರಿಂಗ್ ಅಪ್ರೂವಲ್ ಕಮಿಟಿ, ಚಿಕ್ಕದಾಗಿ ಜಿಇಎಸಿ. ಇವಲ್ಲದೆ ರಾಜ್ಯಕ್ಕೊಂದು ಸಮಿತಿ, ಜಿಲ್ಲೆಗೊಂದು ಸಮಿತಿ. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಿಮ್ಮ ಜಿಲ್ಲೆಯಲ್ಲಿ ಅಂಥದ್ದೊಂದು ಸಭೆ ನಡೆದದ್ದನ್ನು ಯಾವತ್ತಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಇನ್ನೊಂದು ತೊಡಕು ನೋಡಿ. ಜೈವಿಕ ತಂತ್ರಜ್ಞಾನ ಇಲಾಖೆ ಇರುವುದೇ ಆ ತಂತ್ರಜ್ಞಾನ ಬೆಳೆಯಲಿ ಎಂದು, ಹಣ ಕೊಡುವುದೂ ಅದೇ. ಅದೇ ಇಲಾಖೆಯ ಅಂಗಳದಲ್ಲೇ ಉಸ್ತುವಾರಿ ಸಮಿತಿಯೂ ಕೂರುತ್ತದೆ. ಮದುವೆ ಮಾಡಿಸುವವನೇ ವರನ ಗುಣ ವಿಚಾರಿಸಲು ಹೋದಂತೆ. ಅಲ್ಲಿ ಕೂರುವವರು ಅಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ, ಆ ಕುರ್ಚಿ ಹಾಕಿರುವ ಜಾಗ ಸರಿಯಿಲ್ಲ. ಎಂ.ಎಸ್. ಸ್ವಾಮಿನಾಥನ್ ಅವರ ನೇತೃತ್ವದ ಕಾರ್ಯಪಡೆ 2004ರಲ್ಲೇ ಇದಕ್ಕೊಂದು ಸ್ವಾಯತ್ತ ಪ್ರಾಧಿಕಾರ ಬೇಕು ಎಂದು ಶಿಫಾರಸು ಮಾಡಿತ್ತು. ಪ್ರಾಧಿಕಾರದ ಮಸೂದೆ 2013ರಲ್ಲಿ ಲೋಕಸಭೆಯ ಮೇಜಿಗೆ ಬಂತು, ಮರುವರ್ಷ ಆ ಲೋಕಸಭೆಯ ಅವಧಿಯ ಜೊತೆಗೇ ಮುಗಿದುಹೋಯಿತು.

ಬರೆದ ನಿಯಮಕ್ಕೂ ಹೊಲದ ಸತ್ಯಕ್ಕೂ ಎಷ್ಟು ದೂರ ಎನ್ನುವುದು ಹತ್ತಿಯಲ್ಲೇ ಗೊತ್ತಾಗಿತ್ತು. 1998ರ ಕೊನೆಯಲ್ಲಿ ರಾಯಚೂರು, ಬಳ್ಳಾರಿ ಕಡೆಯ ಬಿಟಿ ಹತ್ತಿಯ ಪ್ರಯೋಗದ ತಾಕುಗಳಿಗೆ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘ ಬೆಂಕಿ ಹಚ್ಚಿತು. ತನ್ನ ಹೊಲದಲ್ಲಿ ಬೆಳೆಯುತ್ತಿರುವುದು ಏನೆಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಆಗ ಹೊಲದ ಯಜಮಾನನೊಬ್ಬ ದೂರಿದ್ದ. ಬೆಂಕಿಯ ಸರಿತಪ್ಪು ಏನೇ ಇರಲಿ, ನನಗೆ ಮರೆಯಲಾಗದ್ದು ಆ ಮಾತು. 2001ರಲ್ಲಿ ಗುಜರಾತಿನ ಸಾವಿರಾರು ಎಕರೆಯಲ್ಲಿ ಅನುಮತಿಯೇ ಇಲ್ಲದ ಬಿಟಿ ಹತ್ತಿ ನಳನಳಿಸುತ್ತಿತ್ತು. ಅದನ್ನು ಕಿತ್ತು ಸುಡಿ ಎಂದು ದೆಹಲಿಯ ಸಮಿತಿ ಹೇಳಿತು. ಬಂಪರ್ ಬೆಳೆ ಬಂದ ಹತ್ತಿಯನ್ನು ಯಾವ ರೈತ ಸುಡುತ್ತಾನೆ? 2002ರ ಮಾರ್ಚ್ 26ಕ್ಕೆ ಬಿಟಿ ಹತ್ತಿಗೆ ಅಧಿಕೃತ ಒಪ್ಪಿಗೆ ಸಿಕ್ಕಿತು. ಬೆಳೆ ಮೊದಲು, ಸಹಿ ಆಮೇಲೆ.

ಈಗ ಬದನೆಗೆ ಬರೋಣ. ಮಹಿಕೋ ಕಂಪನಿ ತಯಾರಿಸಿದ ಬಿಟಿ ಬದನೆಯ ತಂತ್ರವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೂ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕೂ ಹಂಚಿಕೊಡಲಾಗಿತ್ತು. ಧಾರವಾಡದಲ್ಲಿ ಆ ಜೀನನ್ನು ಸೇರಿಸಲು ಆರಿಸಿಕೊಂಡ ತಳಿಗಳ ಪಟ್ಟಿಯನ್ನು ಓದಿದರೆ ಊರೂರಿನ ಸಂತೆ ಸುತ್ತಿದ ಹಾಗಾಗುತ್ತದೆ: ಮಲಾಪುರ, ಕುಡಚಿ, ರಬಕವಿ, ಮಂಜರಿ ಗೋಟಾ, ಜೊತೆಗೆ ಉಡುಪಿಯ ಗುಳ್ಳ. ಉಡುಪಿ ಗುಳ್ಳ ಎಂದರೆ ಮಟ್ಟುಗುಳ್ಳ. ಕಟಪಾಡಿಯ ಪಕ್ಕದ ಮಟ್ಟು ಗ್ರಾಮದ ಉಪ್ಪುಗಾಳಿಯಲ್ಲಿ ಬೆಳೆಯುವ, ಮೈಮೇಲೆ ಬಿಳಿ ಗೀರಿರುವ, ತೊಟ್ಟಿನಲ್ಲಿ ಮುಳ್ಳಿರುವ ದುಂಡನೆಯ ಹಸಿರು ಕಾಯಿ. ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅದು ಎನ್ನುವುದು ಅಲ್ಲಿನವರ ನಂಬಿಕೆ. ಗುಳ್ಳದ ಹುಳಿ ತಿಂದವರಿಗೆ ಬೇರೆ ಪರಿಚಯ ಬೇಡ.

ಬೀಜ ಯಾರದು ಎಂಬ ಪ್ರಶ್ನೆ ಎದ್ದದ್ದು ಇಲ್ಲಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ತಳಿಗಳನ್ನು ಹೀಗೆ ಬಳಸಿಕೊಳ್ಳಲು ಮುಂಚೆಯೇ ಅನುಮತಿ ಬೇಕಿತ್ತು, ಅದನ್ನು ಪಡೆದಿಲ್ಲ ಎಂದು 2010ರಲ್ಲಿ ಬೆಂಗಳೂರಿನ ಪರಿಸರ ಸಂಘಟನೆಯೊಂದು ರಾಜ್ಯದ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು, ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತಿತು. ಜೀನಿನ ಸುರಕ್ಷತೆಗೆ ಏಳು ಸುತ್ತಿನ ಕೋಟೆ ಕಟ್ಟಿಕೊಂಡಿದ್ದ ವ್ಯವಸ್ಥೆಗೆ ಬೀಜದ ಒಡೆತನದ ಬಾಗಿಲೊಂದು ಕಂಡೇ ಇರಲಿಲ್ಲ. ಆ ಇಲಾಖೆಯ ಕಡತ ಬೇರೆ, ಈ ಇಲಾಖೆಯ ಕಡತ ಬೇರೆ.

ಇನ್ನು ಸುರಕ್ಷತೆಯ ಮಾತು. ಇಲಿ, ಮೊಲ, ಆಡು, ಕೋಳಿ, ಮೀನು, ಹಸು ಇವಕ್ಕೆಲ್ಲ ಬಿಟಿ ಬದನೆ ತಿನ್ನಿಸಿ ಪರೀಕ್ಷೆ ಮಾಡಿದ್ದರು. ಇಲಿಗಳ ಪರೀಕ್ಷೆ 90 ದಿನದ್ದು. ಮನುಷ್ಯ ಬದನೆ ತಿನ್ನುವುದು ಜೀವಮಾನವಿಡೀ ಅಲ್ಲವೇ ಎಂದು ವಿರೋಧಿಗಳು ಕೇಳಿದರು. ಇಂಥ ಪರೀಕ್ಷೆಗೆ ಜಗತ್ತಿನಲ್ಲೆಲ್ಲ ಇರುವ ಕ್ರಮವೇ ಇದು ಎಂದು ಸಮರ್ಥಕರು ಹೇಳಿದರು. ಈ ವಾದಕ್ಕಿಂತ ನನಗೆ ಮುಖ್ಯ ಅನ್ನಿಸುವುದು, ಪರೀಕ್ಷೆಯ ವಿವರ ಜನರ ಕೈಗೆ ಬಂದ ಬಗೆ. ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ, ಕೋರ್ಟು ಇಷ್ಟೆಲ್ಲ ಆದಮೇಲೆಯೇ ಆ ದಾಖಲೆಗಳು ಹೊರಬಿದ್ದದ್ದು. ಊಟ ನಮ್ಮದು, ಪರೀಕ್ಷೆಯ ಪುಸ್ತಕ ಮಾತ್ರ ವ್ಯಾಪಾರದ ಗುಟ್ಟು!

2009ರ ಅಕ್ಟೋಬರ್ 14ರಂದು ಜಿಇಎಸಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅಲ್ಲಿಗೇ ಮುಗಿಸಲಿಲ್ಲ. 2010ರ ಜನವರಿ, ಫೆಬ್ರವರಿಯಲ್ಲಿ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊಲ್ಕತ್ತಾದಲ್ಲಿ ಶುರುವಾಗಿ ಫೆಬ್ರವರಿ 6ಕ್ಕೆ ಬೆಂಗಳೂರಿನಲ್ಲಿ ಮುಗಿದ ಆ ಸಭೆಗಳಿಗೆ ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಎಲ್ಲ ಬಂದರು. ಕೂಗಾಟವೂ ಆಯಿತು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ‘ಸದ್ಯಕ್ಕೆ ಬೇಡ’ ಎಂದು ಪತ್ರ ಬರೆದಿದ್ದವು. ಫೆಬ್ರವರಿ 9ರಂದು ಸಚಿವರು ಬಿಟಿ ಬದನೆಯನ್ನು ತಡೆಹಿಡಿದರು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ, ಅವಸರಪಡುವಂಥದ್ದೂ ಏನಿಲ್ಲ ಎನ್ನುವವು ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು. ಪರಿಣತರ ಸಮಿತಿ ಹೇಳಿದ್ದನ್ನು ರಾಜಕಾರಣಿ ತಳ್ಳಿಹಾಕುವುದೇ ಎಂದು ಕೆಲವು ವಿಜ್ಞಾನಿಗಳು ಸಿಟ್ಟಾದರು. ಅವರ ಸಿಟ್ಟಿನಲ್ಲಿ ಹುರುಳಿಲ್ಲ ಎನ್ನಲಾರೆ. ಪರಿಣತರು ವರ್ಷಗಟ್ಟಲೆ ಕೂತು ನೋಡಿದ್ದನ್ನು ನಾಲ್ಕು ವಾರದ ಸಭೆಗಳಲ್ಲಿ ತೂಗಿ ಬದಿಗಿಡುವುದು ಸಣ್ಣ ಮಾತಲ್ಲ. ಆದರೆ ಆ ನಾಲ್ಕು ವಾರದಲ್ಲಿ ಕೇಳಿದ ಪ್ರಶ್ನೆಗಳನ್ನು ಹಿಂದಿನ ಅಷ್ಟೂ ವರ್ಷಗಳಲ್ಲಿ ಕೇಳಲು ಜನರಿಗೆ ಜಾಗವೇ ಇರಲಿಲ್ಲ.

ಅದೇ ವರ್ಷ ಜುಲೈನಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯಿತು. ಅಪ್ರೂವಲ್ ಕಮಿಟಿ ಹೋಗಿ ಅಪ್ರೈಸಲ್ ಕಮಿಟಿ ಆಯಿತು. ಅನುಮೋದನೆ ಕೊಡುತ್ತಿದ್ದ ಸಮಿತಿ ಇನ್ನು ಮೇಲೆ ಮೌಲ್ಯಮಾಪನ ಮಾಡುವ ಸಮಿತಿ. ಹೆಸರಿನ ಮೊದಲಕ್ಷರ ಮಾತ್ರ ಹಾಗೇ ಉಳಿದದ್ದರಿಂದ ಜಿಇಎಸಿ ಜಿಇಎಸಿಯಾಗಿಯೇ ಉಳಿಯಿತು, ಬೋರ್ಡು ಬರೆಸುವ ಖರ್ಚೂ ಉಳಿದಿರಬೇಕು! ಸಮಿತಿ ಸಲಹೆ ಕೊಡಬಹುದು, ಕೊನೆಯ ಮಾತು ಸರ್ಕಾರದ್ದು ಎನ್ನುವುದು ಇದರ ಅರ್ಥ. ಮರುವರ್ಷದಿಂದ ಹೊಲದ ಪ್ರಯೋಗಕ್ಕೆ ಆಯಾ ರಾಜ್ಯದ ಒಪ್ಪಿಗೆಯೂ ಬೇಕಾಯಿತು. ಅತ್ತ ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು, 2014ರ ಜನವರಿಯಲ್ಲಿ 20 ರೈತರ ಕೈಗೆ ಸಸಿ ಕೊಟ್ಟಿತು. ಗಡಿಯ ಆಚೆ ಅದು ತರಕಾರಿ, ಈಚೆ ಅದು ಕಡತ.

ಬದನೆಯಿಂದ ಪಾಠ ಕಲಿತೆವೇ? ಸಾಸಿವೆಯ ಕತೆ ಕೇಳಿ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಯ ಬಗ್ಗೆ 2016ರ ಸೆಪ್ಟೆಂಬರಿನಲ್ಲಿ ಸರ್ಕಾರ ಜನರ ಅಭಿಪ್ರಾಯ ಕೇಳಿತು. ಒಂದು ತಿಂಗಳ ಗಡುವು. ಅಂತರ್ಜಾಲದಲ್ಲಿ ಸಾರಾಂಶ ಮಾತ್ರ. ಸಾವಿರಾರು ಪುಟದ ಪೂರ್ತಿ ದಾಖಲೆ ನೋಡಬೇಕಾದವರು ಮುಂಚಿತವಾಗಿ ಸಮಯ ಪಡೆದು ದೆಹಲಿಯ ಸಚಿವಾಲಯಕ್ಕೇ ಹೋಗಿ ಕೂತು ಓದಬೇಕು. ಭರತಪುರದ ಸಾಸಿವೆ ಬೆಳೆಗಾರ ಬಸ್ಸು ಹತ್ತಿ ಹೋಗಿ ಆ ಮೇಜಿನ ಮುಂದೆ ಕೂರುವುದನ್ನು ಸುಮ್ಮನೆ ಊಹಿಸಿಕೊಳ್ಳಿ. ಬಾಗಿಲು ತೆರೆದಿತ್ತು ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

2022ರ ಅಕ್ಟೋಬರಿನಲ್ಲಿ ಆ ಸಾಸಿವೆಗೆ ಒಪ್ಪಿಗೆ ಸಿಕ್ಕಿತು. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಪ್ಪಿಗೆಯನ್ನು ರದ್ದುಮಾಡಿದರು, ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ಇಬ್ಬರೂ ಒಂದಾದ ಜಾಗವೂ ಇತ್ತು: ಕುಲಾಂತರಿ ಬೆಳೆಗಳಿಗೆ ದೇಶಕ್ಕೊಂದು ನೀತಿ ಬೇಕು, ಎಲ್ಲರನ್ನೂ ಕೇಳಿ ಅದನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿದರು. 1989ರಿಂದ ಲೆಕ್ಕ ಹಾಕಿದರೆ ನಿಯಮಕ್ಕೆ ಆಗ 35 ವರ್ಷ. ನಿಯಮವಿತ್ತು, ನೀತಿ ಇರಲಿಲ್ಲ.

ಅಷ್ಟರಲ್ಲಿ ವಿಜ್ಞಾನ ಪಕ್ಕದ ಓಣಿಗೆ ಹೊರಳಿತ್ತು. ಹೊರಗಿನ ಜೀನು ತರುವುದೇ ಬೇಡ, ಗಿಡದ ಸ್ವಂತ ಜೀನಿನಲ್ಲೇ ಒಂದೆರಡು ಅಕ್ಷರ ತಿದ್ದಿದರಾಯಿತು ಎನ್ನುವ ಹೊಸ ತಂತ್ರ. ತಿದ್ದಿದ ಬೆಳೆಯಲ್ಲಿ ಹೊರಗಿನ ಜೀನು ಉಳಿದಿಲ್ಲವಾದರೆ ಅದಕ್ಕೆ ಜಿಇಎಸಿಯ ದಾರಿ ಬೇಕಿಲ್ಲ ಎಂದು 2022ರ ಮಾರ್ಚ್ 30ರಂದು ಸರ್ಕಾರ ವಿನಾಯಿತಿ ಕೊಟ್ಟಿತು. ಹೊರಗಿನ ಜೀನು ಉಳಿದಿಲ್ಲ ಎಂದು ಖಾತ್ರಿಪಡಿಸುವ ಮೊದಲ ಕೆಲಸ ಆಯಾ ಸಂಸ್ಥೆಯ ಒಳಗಿನ ಸುರಕ್ಷತಾ ಸಮಿತಿಯದೇ. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು ಘೋಷಿಸಿದರು. ಅದರಲ್ಲಿ ‘ಕಮಲಾ’ ಹುಟ್ಟಿದ್ದು ಸಾಂಬಾ ಮಸೂರಿಯಿಂದ. ಗಂಗಾವತಿ, ಸಿಂಧನೂರಿನ ಕಡೆಯವರು ‘ಬಿಪಿಟಿ’ ಎಂದು ಕರೆಯುವ ಭತ್ತವೇ ಅದು. ತೆನೆಯಲ್ಲಿ ಕಾಳು ಹೆಚ್ಚು, ಕೊಯ್ಲು ಸುಮಾರು 20 ದಿನ ಮುಂಚೆ ಎನ್ನುತ್ತಾರೆ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಕಾಲುವೆಗೆ ನೀರು ಯಾವಾಗ ಬಿಟ್ಟಾರು ಎಂದು ಕಾಯುವ ರೈತನಿಗೆ 20 ದಿನ ಕಡಿಮೆ ಎಂದರೆ ದೊಡ್ಡ ಮಾತು. ಅವನು ಕೈ ಚಾಚಿದರೆ ತಪ್ಪೇನೂ ಇಲ್ಲ. ಇದು ಕುಲಾಂತರಿಯೇ ಎಂದು ಅವನು ಕೇಳಿದರೆ ಕಾನೂನು ಅಲ್ಲ ಎನ್ನುತ್ತದೆ. ಹಾಗಾದರೆ ಇದನ್ನು ತಿರುಗಿಸಿ ನೋಡಿದವರು ಯಾರು ಎಂದು ಅವನು ಮುಂದಿನ ಪ್ರಶ್ನೆ ಕೇಳಿದರೆ, ಬೀಜ ಮಾರುವ ಕೌಂಟರಿನ ಆಚೆ ನಿಂತವರ ಹತ್ತಿರ ಹೇಳಲು ಏನಿರುತ್ತದೆ?