ಗಾಜಿನ ತೊಟ್ಟಿಗೆ ಹೊಸ ಮೀನು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಬೆಂಗಳೂರಿಗೆ ಮಾತ್ರ ಮೀಸಲಾದುದಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿಯೂ ನಡುಮನೆಯ ಮೂಲೆಯೊಂದರಲ್ಲಿ ಅಂಥ ತೊಟ್ಟಿಯನ್ನು ಕಾಣುತ್ತೇವೆ. ದುಡಿದು ದಣಿದವರ ಕಣ್ಣಿಗೆ ಅದು ತಂಪು. ಮಕ್ಕಳಿಗೆ ಅದೊಂದು ಪಾಠಶಾಲೆ. ಈ ಹವ್ಯಾಸವನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಹಿಂದೆಂದೂ ಕಾಣದ ಮೀನೊಂದು ಅಂಗಡಿಯಲ್ಲಿ ಕಣ್ಣಿಗೆ ಬಿದ್ದಾಗ, ಅದರ ಅಂದಕ್ಕೆ ಮನಸೋತು, ಏನನ್ನೂ ವಿಚಾರಿಸದೆ ಮನೆಗೆ ತಂದು ತೊಟ್ಟಿಗೆ ಸುರಿಯುವ ವಾಡಿಕೆಯೊಂದಿದೆಯಷ್ಟೆ. ಅದನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಚನ್ನಪಟ್ಟಣದ ಬೊಂಬೆಯನ್ನು ಕೊಳ್ಳುವವರು ಹೆಚ್ಚು ವಿಚಾರಮಾಡಬೇಕಾದುದಿಲ್ಲ. ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಆ ಬೊಂಬೆಯು ಇಟ್ಟಲ್ಲಿ ಇರುತ್ತದೆ. ಬೆಳೆಯುವುದಿಲ್ಲ, ಹಸಿಯುವುದಿಲ್ಲ, ಪಕ್ಕದ ಬೊಂಬೆಯನ್ನು ಕಚ್ಚುವುದಿಲ್ಲ. ಮೀನು ಇವೆಲ್ಲವನ್ನೂ ಮಾಡುತ್ತದೆ. ಮೇಲಾಗಿ, ಅಂಗಡಿಯಲ್ಲಿ ನಾವು ಕಾಣುವುದು ಬಹುಮಟ್ಟಿಗೆ ಮರಿಗಳನ್ನು. ಮರಿಯನ್ನು ನೋಡಿ ಮೀನಿನ ಅಳತೆಯನ್ನು ನಿರ್ಣಯಿಸುವುದು, ಸಸಿಯನ್ನು ನೋಡಿ ಆಲದ ನೆರಳನ್ನು ಅಳೆದಂತೆಯೇ ಸರಿ.

ಜೀವವನ್ನು ಸಾಕುವ ಶಿಸ್ತು ಈ ಸೀಮೆಗೆ ಹೊಸದಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯು ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ಅಲ್ಲಿಗೆ ಗೂಡು ತರುವ ರೇಷ್ಮೆ ಬೆಳೆಗಾರನು ಮೊಟ್ಟೆ ಎಲ್ಲಿಂದ ಬಂದುದೆಂದು ವಿಚಾರಿಸದೆ ಅದನ್ನು ಮನೆಯೊಳಕ್ಕೆ ತರುವವನಲ್ಲ. ಮನೆಯ ಶಾಖವೆಷ್ಟು, ತೇವವೆಷ್ಟು, ಯಾವ ಜ್ವರಕ್ಕೆ ಎಂಥ ಸೊಪ್ಪು ಎಂಬುದನ್ನು ಮೊದಲೇ ತಿಳಿದಿರುತ್ತಾನೆ. ಹಾಲುತೊಂಡೆ, ಸುಣ್ಣಕಟ್ಟು ರೋಗಗಳ ಭಯದಿಂದ ಕೈಕಾಲು ತೊಳೆಯದವರನ್ನು ಹುಳುಮನೆಗೆ ಬಿಡುವುದಿಲ್ಲ. ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಮಹಾಶಯರು 1865ರಲ್ಲಿ ರೇಷ್ಮೆಹುಳುವಿನ ರೋಗಗಳನ್ನು ಪರೀಕ್ಷಿಸಲು ತೊಡಗಿ, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಅದರ ಮೊಟ್ಟೆಯನ್ನು ಒಪ್ಪಬೇಕೆಂಬ ಪದ್ಧತಿಯನ್ನು ಜಗತ್ತಿಗೆ ಕಲಿಸಿದರು. ತಿಂಗಳೊಪ್ಪತ್ತು ಬಾಳುವ ಹುಳುವಿಗೆ ಇಷ್ಟು ವಿಚಾರಣೆಯಾದರೆ, ಹತ್ತು ವರ್ಷ ಬಾಳಬಲ್ಲ ಮೀನಿಗೆ ಅದರ ಅರ್ಧವಾದರೂ ಬೇಡವೆ?

ಹಾಗಾದರೆ ಏನನ್ನು ವಿಚಾರಿಸಬೇಕು? ಮೊದಲನೆಯದು ಹೆಸರು. ಅಂಗಡಿಯ ಹೆಸರುಗಳನ್ನು ನಂಬಿ ನಡೆಯುವಂತಿಲ್ಲ. ‘ಶಾರ್ಕ್’ ಎಂದು ಮಾರುವ ಗೇಣುದ್ದದ ಬೆಳ್ಳಿಬಣ್ಣದ ಮರಿಯು ಶಾರ್ಕೇ ಅಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಪಂಗಾಸಿಯಸ್ ಜಾತಿಯದು. ಒಂದೇ ಹೆಸರಿನಲ್ಲಿ ನಾಲ್ಕು ಮೀನು, ಒಂದೇ ಮೀನಿಗೆ ನಾಲ್ಕು ಹೆಸರು. ಈ ಗೊಂದಲದ ನಿವಾರಣೆಗಾಗಿಯೇ ಸ್ವೀಡನ್ನಿನ ಲಿನೇಯಸ್ ಪಂಡಿತನು 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ಶಾಸ್ತ್ರೀಯ ನಾಮವನ್ನು ಕೊಡುವ ಕ್ರಮವನ್ನು ನೆಲೆಗೊಳಿಸಿದನು. ಆ ಹೆಸರನ್ನು ಅಂಗಡಿಯವನಿಂದ ಬರೆಸಿಕೊಂಡು, ಅಂದು ಬರಿಗೈಯಲ್ಲಿ ಮನೆಗೆ ಹಿಂತಿರುಗುವುದು ಉತ್ತಮ. ಹೆಸರು ತಿಳಿದರೆ ಉಳಿದುದನ್ನು ಪುಸ್ತಕಗಳಿಂದಲೂ ಬಲ್ಲವರಿಂದಲೂ ತಿಳಿಯಬಹುದು; ಹೆಸರೇ ತಿಳಿಯದ ಮೀನನ್ನು ಕೊಳ್ಳದಿರುವುದೇ ಲೇಸು.

ಎರಡನೆಯದು ಬೆಳವಣಿಗೆ. ಈಗ ಹೇಳಿದ ಪಂಗಾಸಿಯಸ್ ಮೀನು ನಾಲ್ಕು ಅಡಿಗೂ ಮೀರಿ ಬೆಳೆಯುತ್ತದೆ. ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ, ಎತ್ತರವುಳ್ಳ ನಮ್ಮ ಸಾಮಾನ್ಯ ತೊಟ್ಟಿಯು ಹಿಡಿಯುವುದು ಸುಮಾರು 56 ಲೀಟರು ನೀರನ್ನು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಮನುಷ್ಯನಿಗೆ ಬುದ್ಧಿ ಹೇಳಬಹುದು; ಮೀನಿಗೆ ಹೇಳುವಂತಿಲ್ಲ. ತೊಟ್ಟಿಯ ಅಳತೆಗೆ ತಕ್ಕಂತೆ ಮೀನು ತಾನಾಗಿಯೇ ಚಿಕ್ಕದಾಗಿ ಉಳಿಯುವುದೆಂಬ ನಂಬಿಕೆಯೂ ಸರಿಯಲ್ಲ. ಇಕ್ಕಟ್ಟಿನಲ್ಲಿ ಕುಗ್ಗಿದ ಬೆಳವಣಿಗೆಯು ಅನಾರೋಗ್ಯದ ಗುರುತು.

ಮೂರನೆಯದು ನೀರು. ಎಲ್ಲ ನೀರೂ ಒಂದೇ ಎಂದು ನಾವು ಭಾವಿಸಬಹುದು, ಮೀನು ಭಾವಿಸುವುದಿಲ್ಲ. ಅಮೆಜಾನ್ ನದಿಯ ಕಾಡುಹಳ್ಳಗಳಿಂದ ಬಂದ ನಿಯಾನ್ ಟೆಟ್ರಾ ಮೀನಿನ ಪೂರ್ವಿಕರಿಗೆ ಮೆದುವಾದ, ಕೊಂಚ ಹುಳಿಯಾದ ನೀರು ರೂಢಿ. ಆಫ್ರಿಕದ ಮಲಾವಿ ಸರೋವರದ ಮೀನುಗಳಿಗಾದರೋ ಗಡುಸು ನೀರೇ ಹಿತ. ಬಂಡೆಗಳ ನಾಡಾದ ಈ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡುಸು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದುಂಟು. ನಮ್ಮ ಮನೆಯ ನೀರು ಎಂಥದೆಂದು ತಿಳಿದು, ಅದಕ್ಕೆ ಒಗ್ಗುವ ಮೀನನ್ನು ಆರಿಸುವುದು ಸುಲಭ. ಮೀನನ್ನು ತಂದ ಬಳಿಕ ಅದಕ್ಕಾಗಿ ನೀರನ್ನು ಬದಲಿಸುತ್ತ ಕೂರುವುದು ಕಷ್ಟ. ಹೊಸ ತೊಟ್ಟಿಗೆ ಇನ್ನೊಂದು ನಿಯಮವುಂಟು. ಮೀನು ವಿಸರ್ಜಿಸುವ ಅಮೋನಿಯವು ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಬೇರೊಂದು ಬಗೆಯವು ಆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ಸುಮಾರು ನಾಲ್ಕರಿಂದ ಆರು ವಾರಗಳು ಬೇಕು. ಇಂದು ತೊಟ್ಟಿ, ಇಂದೇ ಮೀನು ಎಂಬ ಆತುರದಲ್ಲಿ ಎಷ್ಟೋ ಮೀನುಗಳು ಮೊದಲ ವಾರದಲ್ಲಿಯೇ ಸಾಯುವುದರ ಕಾರಣವಿದು.

ನಾಲ್ಕನೆಯದು ಆಹಾರ ಮತ್ತು ಸಹವಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆ. ಅದರಲ್ಲಿ ಮೀನುಗಳನ್ನು ಸುಮ್ಮನೆ ಹೆಸರಿಸಿಲ್ಲ; ಅವುಗಳ ನೆಲೆ, ಲಕ್ಷಣ, ಆಹಾರಗಳನ್ನೂ ವಿವರಿಸಿದೆ. ಅರಸನ ವಿನೋದಕ್ಕೂ ಅರಿವು ಬೇಕೆಂಬುದು ನಮ್ಮ ಹಿರಿಯರ ತಿಳಿವಳಿಕೆ. ಆಸ್ಕರ್ ಎಂಬ ಮೀನು ಮರಿಯಾಗಿದ್ದಾಗ ಸಾಧು. ಒಂದು ಅಡಿ ಬೆಳೆದಮೇಲೆ ತನ್ನ ಬಾಯಲ್ಲಿ ಹಿಡಿಸುವುದೆಲ್ಲವನ್ನೂ ನುಂಗುತ್ತದೆ. ಫೈಟರ್ ಮೀನಿನ ಎರಡು ಗಂಡುಗಳನ್ನು ಒಟ್ಟಿಗೆ ಬಿಟ್ಟರೆ ಕಾದಾಟವೇ. ಇನ್ನು ಕೆಲವು ಜಾತಿಗಳು ಗುಂಪಿನಲ್ಲಿ ಬಾಳತಕ್ಕವು. ಒಂಟಿಯಾಗಿಟ್ಟರೆ ಹೆದರಿ ಸೊರಗುತ್ತವೆ.

ಕೊನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಅದೇ ಎಲ್ಲಕ್ಕಿಂತ ಮುಖ್ಯವಾದುದು. ಈ ಮೀನು ನಮ್ಮಲ್ಲಿ ಹೊಂದದೆ ಹೋದರೆ ಅದರ ಗತಿಯೇನು? ಕೊಲ್ಲುವುದು ಪಾಪ, ಕೆರೆಗೆ ಬಿಡುವುದು ಪುಣ್ಯ ಎಂದು ಅನೇಕರು ಭಾವಿಸುತ್ತಾರೆ. ದಯೆಯಿಂದ ಮಾಡಿದ ಈ ಕಾರ್ಯವು ಎಂಥ ಅನರ್ಥಕ್ಕೆ ದಾರಿಯಾಗಬಲ್ಲುದೆಂಬುದನ್ನು ನೋಡಿ. ‘ತೊಟ್ಟಿ ತೊಳೆಯುವ ಮೀನು’ ಎಂದು ಮಾರುವ ಸಕ್ಕರ್ ಮೀನಿನ ಸ್ವದೇಶ ದಕ್ಷಿಣ ಅಮೆರಿಕ. ಬೆರಳುದ್ದದ ಮರಿ ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ. ಮೈಮೇಲೆ ಕವಚದಂತಹ ಗಟ್ಟಿ ಫಲಕಗಳು. ನೀರು ಕೆಟ್ಟರೂ ಮೇಲೆ ಬಂದು ಗಾಳಿ ನುಂಗಿ ಬದುಕುವ ಶಕ್ತಿ. ದಡದ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುವುದರಿಂದ ದಡವೇ ಕುಸಿಯುತ್ತದೆ. ಕೇರಳ, ಆಂಧ್ರ, ಪಶ್ಚಿಮ ಬಂಗಾಳಗಳ ನೀರಿನಲ್ಲಿ ಇದು ಹಬ್ಬಿ, ಬೆಸ್ತರ ಬಲೆಗಳನ್ನು ಹರಿದು, ಮಾರಾಟಕ್ಕೂ ಬಾರದೆ ಹೊರೆಯಾಗಿದೆ. ಇದಕ್ಕೆ ಮೊದಲೇ, 1952ರಲ್ಲಿ ಆಫ್ರಿಕ ಮೂಲದ ತಿಲಾಪಿಯವನ್ನು ಆಹಾರಕ್ಕಾಗಿ ಭಾರತಕ್ಕೆ ತಂದರು. ನಮ್ಮವರು ಜಿಲೇಬಿ ಎಂದು ಕರೆಯುವ ಆ ಮೀನು ಇಲ್ಲದ ಕೆರೆಯನ್ನು ಹುಡುಕುವುದು ಇಂದು ಕಷ್ಟ. ಆಫ್ರಿಕದ ಕ್ಯಾಟ್‌ಫಿಷ್ ಸಾಕಣೆಯನ್ನು 2000ದಲ್ಲಿ ಸರ್ಕಾರವೇ ನಿಷೇಧಿಸಬೇಕಾಯಿತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಕೆರೆಯ ನೀರು ಆ ಕೆರೆಯದು ಮಾತ್ರವಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಮಾಗಡಿ ಸೀಮೆಯ ಮಂಚನಬೆಲೆಯನ್ನು ದಾಟಿ, ರಾಮನಗರದ ಬದಿಯಲ್ಲಿ ಹರಿದು, ಕನಕಪುರ ಸೀಮೆಯ ಹಾರೋಬೆಲೆಯ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಚನ್ನಪಟ್ಟಣದ ಕಣ್ವ ಹೊಳೆಯ ನೀರೂ ಶಿಂಷೆಯ ಮಾರ್ಗವಾಗಿ ಅಲ್ಲಿಗೇ ಹೋಗುತ್ತದೆ. ಒಳ್ಳೆಯ ಮಳೆಗಾಲದಲ್ಲಿ ಕೆರೆ ಕೋಡಿ ಬಿದ್ದರೆ, ಅದಕ್ಕೆ ಬಿಟ್ಟ ಮೀನಿಗೆ ಕಾವೇರಿಯ ಬಾಗಿಲು ತೆರೆದಂತೆ.

ಆ ಕಾವೇರಿಯಲ್ಲಿ, ಸಂಗಮದ ಆಸುಪಾಸಿನ ಮಡುಗಳಲ್ಲಿ, ಗೂನುಬೆನ್ನಿನ ಮಹಶೀರ್ ಮೀನು ಬಾಳಿಬಂದಿದೆ. ನದಿಯವರು ಅದನ್ನು ಬಿಳಿಮೀನು ಎನ್ನುತ್ತಾರೆ. ಕಾವೇರಿಯ ಜಲಸೀಮೆಯನ್ನು ಬಿಟ್ಟರೆ ಅದಕ್ಕೆ ಲೋಕದಲ್ಲಿ ಬೇರೆ ತವರಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. 2018ರಲ್ಲಿ ಈ ಜಾತಿಯು ಅಳಿವಿನ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಪಟ್ಟಿಯು ಸಾರಿತು. ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದಿನಿಂದ ಮೀನು ಹಿಡಿಯುವುದು—ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಮಹಶೀರ್ ಸಂತತಿಯನ್ನು ಹೆಚ್ಚಿಸುವ ಸದುದ್ದೇಶದಿಂದಲೇ, ಮಹಾರಾಷ್ಟ್ರದಲ್ಲಿ ಮರಿಮಾಡಿಸಿದ ಬೇರೊಂದು ಜಾತಿಯ ನೀಲಿರೆಕ್ಕೆಯ ಮಹಶೀರ್‌ಗಳನ್ನು ಈ ನದಿಗೆ ಬಿಟ್ಟರು. ಬಂದ ನೆಂಟನು ಮನೆಯನ್ನೇ ತುಂಬಿದನು. ಮನೆಯೊಡೆಯನು ಮೂಲೆ ಸೇರಿದನು. ತೀರ ಹತ್ತಿರದ ದಾಯಾದಿಯಿಂದಲೇ ಇಷ್ಟಾದರೆ, ಸಪ್ತಸಮುದ್ರಗಳಾಚೆಯ ಅಪರಿಚಿತನಿಂದ ಏನಾಗಬಹುದೆಂಬುದನ್ನು ಶ್ರೋತೃಗಳೇ ಊಹಿಸಬಹುದು.

ಆದುದರಿಂದ ಬೇಡವಾದ ಮೀನನ್ನು ಎಂದಿಗೂ ಕೆರೆ, ಕಟ್ಟೆ, ಹೊಳೆಗಳಿಗೆ ಬಿಡಬಾರದು. ಅಂಗಡಿಯವನು ಹಿಂದಕ್ಕೆ ಪಡೆಯುವನೇ ಎಂದು ಕೊಳ್ಳುವ ಮುನ್ನವೇ ಕೇಳಿಡಬೇಕು; ಇಲ್ಲವಾದರೆ ದೊಡ್ಡ ತೊಟ್ಟಿಯುಳ್ಳ ಬೇರೊಬ್ಬ ಹವ್ಯಾಸಿಗೆ ಒಪ್ಪಿಸಬೇಕು.

ಎಲ್ಲ ಪ್ರಶ್ನೆಗಳಿಗೂ ತೃಪ್ತಿಕರವಾದ ಉತ್ತರ ದೊರೆತು ಮೀನನ್ನು ತಂದ ಮೇಲೆಯೂ, ಎರಡರಿಂದ ನಾಲ್ಕು ವಾರ ಅದನ್ನು ಬೇರೊಂದು ಸಣ್ಣ ತೊಟ್ಟಿಯಲ್ಲಿಟ್ಟು ನೋಡಬೇಕು. ಬಿಳಿಚುಕ್ಕೆ ರೋಗವು ಒಂದು ಮೀನಿನಿಂದ ತೊಟ್ಟಿಗೆಲ್ಲ ಹರಡಬಲ್ಲುದು. ಚೀಲದಲ್ಲಿ ಬಂದ ಅಂಗಡಿಯ ನೀರನ್ನು ತೊಟ್ಟಿಗೆ ಸುರಿಯಲಾಗದು.

ಇಷ್ಟೆಲ್ಲ ವಿಚಾರಣೆಯಿಂದ ಹವ್ಯಾಸದ ಸಂತೋಷವು ಕುಂದುವುದೆಂದು ಯಾರೂ ಭಾವಿಸಬೇಕಾಗಿಲ್ಲ. ತನ್ನ ಮನೆಯ ಮೀನಿನ ನಾಡು ಯಾವುದು, ಅದರ ನದಿ ಯಾವುದು, ಅದು ಏನನ್ನುಂಡು ಎಷ್ಟು ಕಾಲ ಬಾಳುವುದೆಂದು ಬಲ್ಲ ಬಾಲಕನು ಅದನ್ನು ನೋಡುವ ನೋಟವೇ ಬೇರೆ. ಮೀನು ತನ್ನ ಇಚ್ಛೆಯಿಂದ ನಮ್ಮ ಮನೆಗೆ ಬಂದುದಲ್ಲ. ಅದಕ್ಕೆ ಬೇಕಾದುದೇನೆಂದು ಅದು ಬಾಯಿಬಿಟ್ಟು ಕೇಳಲಾರದು. ಅದರ ಪರವಾಗಿ ಮುಂಚಿತವಾಗಿಯೇ ಕೇಳಿ ತಿಳಿಯತಕ್ಕ ಹೊಣೆಯು ಅದನ್ನು ತರುವವರದೇ ಆಗಿದೆ.