ಹಿರಿತನದ ಪಟ್ಟಿ ಗೋಡೆಯ ಮೇಲಿರಲಿ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ರೈಲ್ವೆ ಕೆಲಸಗಾರನ ತಕರಾರು ನಮಗೇಕೆ ಎಂದು ಹೆಂಚಿನ ಕಾರ್ಖಾನೆಯವರು ಕೇಳಬಹುದು. ಕೆಲಸ ಕಡಿಮೆಯಾದಾಗ ಮೊದಲು ಹೊರಗೆ ಹೋಗುವವನು ಯಾರು? ಕೆಲಸ ಮರಳಿ ಬಂದಾಗ ಮೊದಲು ಒಳಗೆ ಬರುವವನು ಯಾರು? ಈ ಎರಡು ಪ್ರಶ್ನೆಗಳು ಎಲ್ಲ ಗೇಟುಗಳಲ್ಲಿಯೂ ಒಂದೇ. ಅಂಗಡಿಯವರಿಗೂ ಇದು ಗೊತ್ತು. ಕರೆ ಬಾರದೆ ಕುಳಿತವನ ಮನೆಯ ಅಕ್ಕಿಬೇಳೆ ಅವರ ಸಾಲದ ಪುಸ್ತಕದಲ್ಲಿಯೇ ತಾನೆ ಬರೆದಿರುವುದು!

1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ತಿದ್ದುಪಡಿಯಾಯಿತು. ಕೊನೆಗೆ ಸೇರಿದವನು ಮೊದಲು ಹೋಗಬೇಕು. ಪುನಃ ಆಳು ಬೇಕಾದಾಗ ತೆಗೆದುಹಾಕಲ್ಪಟ್ಟವರಿಗೇ ಮೊದಲ ಅವಕಾಶ ಎಂದು ಅದು ಹೇಳಿತು. ಈ ಕ್ರಮವನ್ನು ಮುರಿಯುವ ಮಾಲಿಕನು ಕಾರಣವನ್ನು ಬರೆದಿಡಬೇಕಿತ್ತು. 1957ರ ಕೇಂದ್ರ ನಿಯಮಗಳ ಪ್ರಕಾರ ಕಡಿತಕ್ಕೆ ಏಳು ದಿನ ಮೊದಲೇ ಹಿರಿತನದ ಪಟ್ಟಿಯನ್ನು ನೋಟೀಸು ಹಲಗೆಗೆ ಹಚ್ಚಬೇಕಿತ್ತು. ಮೇಸ್ತ್ರಿಯ ಕಿಸೆಯಲ್ಲಿರುವ ಪಟ್ಟಿಗೂ ಗೋಡೆಯ ಮೇಲಿರುವ ಪಟ್ಟಿಗೂ ಎಷ್ಟು ಅಂತರವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ರೈಲ್ವೆಯಲ್ಲಿ ಇದಕ್ಕೊಂದು ಕಳ್ಳದಾರಿಯಿತ್ತು. ಸೇತುವೆ ಮುಗಿಯಿತು, ಸುರಂಗ ಮುಗಿಯಿತು, ನೀನು ದಿನಗೂಲಿ, ಮನೆಗೆ ಹೋಗು ಎನ್ನುವುದು. ಮುಂದಿನ ಕಾಮಗಾರಿಗೆ ಹೊಸ ಆಳು. ದಕ್ಷಿಣ ರೈಲ್ವೆಯ ಒಬ್ಬ ಕಾರ್ಮಿಕ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿದ ಮೇಲೆಯೂ ದಿನಗೂಲಿಯೇ ಆಗಿದ್ದ! 1974ರಲ್ಲಿ ಗೈರುಹಾಜರಿಯ ನೆಪದಿಂದ ಅವನ ಹೆಸರನ್ನು ಹೊಡೆದುಹಾಕಿದರು. ಹೆಸರು ಹೊಡೆದುಹಾಕುವುದೂ ಕೆಲಸದಿಂದ ಕಡಿತಗೊಳಿಸಿದಂತೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1985ರಲ್ಲಿ ಇಂದರ್ ಪಾಲ್ ಯಾದವ್ ಮೊಕದ್ದಮೆಯಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಗಿ, ಕಾಮಗಾರಿ ದಿನಗೂಲಿಗಳ ಹಿರಿತನದ ಪಟ್ಟಿಯನ್ನು ಡಿವಿಜನ್‌ವಾರು ತಯಾರಿಸಬೇಕೆಂದು ಆಜ್ಞೆ ಮಾಡಿತು. ಗುತ್ತಿಗೆದಾರನ ಆಳಿಗೆ ಮಾತ್ರ ಈ ಪಟ್ಟಿಯೂ ಇಲ್ಲ. ಅದು ಬೇರೆಯೇ ಸಂಕಟ.

ಪಟ್ಟಿ ಬಂದರೆ ಸಾಲದು. 1970ರ ದಶಕದಲ್ಲಿ ಕೆಲಸ ಕಳೆದುಕೊಂಡಿದ್ದ ಕೆಲವು ರೈಲ್ವೆ ದಿನಗೂಲಿಗಳ ಅರ್ಜಿಯನ್ನು 1993ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹತ್ತು ಹದಿನೈದು ವರ್ಷ ತಡವಾಗಿತ್ತು, ಕೈಯಲ್ಲಿ ದಾಖಲೆಯೂ ಇರಲಿಲ್ಲ. ಆದುದರಿಂದ ಹಾಜರಿ ಕಾರ್ಡು, ಸಂಬಳದ ಚೀಟಿ, ಬಿಡುಗಡೆಯ ಕಾಗದ ಇವುಗಳನ್ನು ರೇಶನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿರಿ. ಪಟ್ಟಿಯಲ್ಲಿ ತಾರೀಕು ತಪ್ಪಿದ್ದರೆ ಅದೇ ವಾರ ಲಿಖಿತ ಆಕ್ಷೇಪಣೆ ಕೊಟ್ಟು ರಶೀದಿ ಪಡೆಯಿರಿ.

ಖಾಯಂ ನೌಕರನ ಹಿರಿತನವೂ ಭದ್ರವೆಂದು ತಿಳಿಯಬೇಡಿ. ನಮ್ಮ ಊರಿನ ನಿಲ್ದಾಣ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ಡಿವಿಜನಿಗೆ ಸೇರಿದ್ದು. ಪಡೀಲಿನಿಂದಾಚೆ ಘಟ್ಟದ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ಡಿವಿಜನಿನದು. ತೋಕೂರಿನಿಂದ ಮುಂದೆ ಕೊಂಕಣ ರೈಲ್ವೆ. ಸ್ವಂತ ಕೋರಿಕೆಯಿಂದ ಡಿವಿಜನ್ ಬದಲಾಯಿಸಿದವನು ಹೊಸ ಜಾಗದ ಪಟ್ಟಿಯ ಬುಡಕ್ಕೆ ಇಳಿಯುತ್ತಾನೆ. ಮುದಿ ತಾಯಿತಂದೆಯರನ್ನು ನೋಡಿಕೊಳ್ಳಲೆಂದು ಹತ್ತಾರು ಮೈಲಿ ಹತ್ತಿರಕ್ಕೆ ಬಂದವನಿಗೆ ಈ ಶಿಕ್ಷೆ!

1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರವನ್ನು ಇಲ್ಲಿಯೇ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಮುನ್ನಡೆಸಿದರು. ಸಾವಿರಾರು ಜನ, ಅನೇಕರು ವಿಚಾರಣೆಯೇ ಇಲ್ಲದೆ, ವಜಾ ಆದರು. ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದ ಮೇಲೆ, 1977ರಲ್ಲಿ, ಅವರನ್ನು ಹಿಂದಕ್ಕೆ ಕರೆಸಿಕೊಂಡರು. ನ್ಯಾಯ ದೊರೆಯಲು ಒಂದು ಸರಕಾರವೇ ಬದಲಾಗಬೇಕಾಯಿತು.

ಒಂದು ಮಾತನ್ನು ಖಂಡಿತವಾಗಿ ಹೇಳಬಯಸುತ್ತೇನೆ. ನಿಮ್ಮನ್ನು ಬಿಟ್ಟು ಕಿರಿಯನನ್ನು ಕರೆದರೆ ಅವನ ಮೇಲೆ ಹರಿಹಾಯಬೇಡಿ. ಅವನೂ ಹೊಟ್ಟೆಗಾಗಿಯೇ ಬಂದವನು. ಅವನನ್ನು ಹೊರಗೆ ಹಾಕಿಸುವುದು ನಮ್ಮ ಬೇಡಿಕೆಯಲ್ಲ. ಕ್ರಮ ಮುರಿದುದಕ್ಕೆ ಬರೆದಿಟ್ಟ ಕಾರಣ ಎಲ್ಲಿ ಎಂಬುದು ನಮ್ಮ ಪ್ರಶ್ನೆ. ಕಾರ್ಮಿಕರಿಬ್ಬರು ಗೇಟಿನ ಮುಂದೆ ಕಚ್ಚಾಡಿದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಒಳಗೆ ನೆಮ್ಮದಿಯಿಂದ ಕಾಫಿ ಕುಡಿಯುತ್ತಾರೆ.

ಈಗ ಆ ಹಳೆಯ ಕಾಯಿದೆ ಹೋಗಿ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೊನೆಗೆ ಬಂದವನು ಮೊದಲು ಹೋಗುವ ನಿಯಮ ಅದರಲ್ಲಿಯೂ ಉಂಟು. ಆದರೆ ಮರಳಿ ಕರೆಯುವ ಹಕ್ಕಿಗೆ ಹಿಂದೆ ಇಲ್ಲದಿದ್ದ ಗಡುವೊಂದನ್ನು ಸೇರಿಸಿದ್ದಾರೆ, ಕಡಿತವಾದ ದಿನದಿಂದ ಒಂದು ವರ್ಷ. ಹದಿಮೂರನೆಯ ತಿಂಗಳಲ್ಲಿ ಹೊಸಬರನ್ನು ತುಂಬಿಕೊಂಡರೆ ಈ ಕಲಮು ಬಾಯಿ ಬಿಡುವುದಿಲ್ಲ. ಆದುದರಿಂದ ಕಡಿತವಾದ ದಿನವೇ ವಿಳಾಸವನ್ನು ಕಚೇರಿಗೂ ಯೂನಿಯನ್ನಿಗೂ ಬರೆದುಕೊಡಿರಿ, ತಾರೀಕನ್ನು ಗುರುತು ಹಾಕಿಕೊಳ್ಳಿರಿ.